ಬದಿಯಡ್ಕದ ಕೂಸಿಗೆ ಏನು ಹೆಣೆಯೋಣ?

ಊರಿನಲ್ಲಿ ಕೂಸು ಹುಟ್ಟಿತೆಂಬ ಸುದ್ದಿ ಬಂದರೆ ಹೊರದೇಶದಲ್ಲಿ ಹೆಣಿಗೆ ಬಲ್ಲವರ ಕೈ ಸುಮ್ಮನಿರುವುದಿಲ್ಲ. ಉಲ್ಲನ್ ಟೊಪ್ಪಿ, ಕಾಲುಚೀಲ, ಸ್ವೆಟರ್ ಸೇರಿದ ಸೆಟ್ಟೇ ಎಳೆಮಗುವಿನ ಉಡುಗೊರೆ ಎನ್ನುವಷ್ಟು ಅದು ರೂಢಿಯಾಗಿಬಿಟ್ಟಿದೆ. ಮಗು ಹುಟ್ಟಿದ್ದು ಬದಿಯಡ್ಕದ ಕಡೆಯಲ್ಲಾದರೆ ಈ ರೂಢಿಯನ್ನು ಕೈಬಿಡುವುದು ಒಳ್ಳೆಯದು ಎಂದು ನನಗೆ ಅನ್ನಿಸುತ್ತದೆ. ಆ ಮಗುವಿಗೆ ಹೆಣೆಯಬೇಕಾದದ್ದು ಹತ್ತಿ ನೂಲಿನ ತೆಳುವಾದ, ಚಿಕ್ಕದಾದ ಒಂದು ಹೊದಿಕೆ. ಕಾಸರಗೋಡಿನಿಂದ ಒಳನಾಡಿಗೆ ಬಂದರೆ ಸಿಗುವ, ಮುರಕಲ್ಲಿನ ಗುಡ್ಡಗಳೂ ಅಡಿಕೆ ತೋಟಗಳೂ ತುಂಬಿದ ಈ ಊರಿನಲ್ಲಿ ಇಪ್ಪತ್ತು ಡಿಗ್ರಿಗಿಂತ ಕೆಳಗಿನ ಚಳಿ ಅಪರೂಪ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ಇದು. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರಿನೊಳಗೇ. ಮಳೆ ಇಲ್ಲದ ತಿಂಗಳುಗಳಲ್ಲಿ ಸೆಖೆ. ಎರಡು ಕಡ್ಡಿಗಳ ಹೆಣಿಗೆ ಬೆಳೆದದ್ದು ಯುರೋಪಿನ ಚಳಿಯಲ್ಲಿ. ಅದರ ವಿನ್ಯಾಸದ ಪುಸ್ತಕಗಳೆಲ್ಲ ಆ ಚಳಿಯನ್ನು ಕಣ್ಣೆದುರಿಗೆ ಇಟ್ಟುಕೊಂಡೇ ಬರೆದವು. ಆ ಕೌಶಲವನ್ನು ನಾವು ಸಂತೋಷದಿಂದ ಪಡೆದುಕೊಂಡಿದ್ದೇವೆ, ಆದರೆ ಅದರ ಹವಾಮಾನವನ್ನೂ ಜೊತೆಗೇ ಪಡೆದುಕೊಳ್ಳಬೇಕಿಲ್ಲ. ಈ ಸೀಮೆಯ ಸ್ವಂತ ನೇಯ್ಗೆಯನ್ನು ನೋಡಿ: ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕಾಸರಗೋಡು ಸೀರೆ ಹತ್ತಿಯದು.

ಉಡುಗೊರೆ ಕೈಸೇರಿದ ಮನೆಯಲ್ಲಿ ದಿನ ಹೇಗೆ ಸಾಗುತ್ತದೆ ಎಂಬುದನ್ನು ನೋಡದೆ ಈ ಮಾತು ತೀರ್ಮಾನವಾಗದು. ಚೊಚ್ಚಲ ಹೆರಿಗೆಯಾದರೆ ಬಾಣಂತಿ ಸಾಮಾನ್ಯವಾಗಿ ತವರಿನಲ್ಲಿರುತ್ತಾಳೆ. ಮಗುವಿಗೆ ತೆಂಗಿನೆಣ್ಣೆ ಹಚ್ಚಿ ತಿಕ್ಕಿ, ಅಡಿಕೆ ಹಾಳೆಯ ಮೇಲೋ ಚಾಚಿದ ಕಾಲುಗಳ ಮೇಲೋ ಮಲಗಿಸಿ, ಬಚ್ಚಲ ಹಂಡೆಯ ಬಿಸಿನೀರು ಹೊಯ್ದು ಮೀಯಿಸುತ್ತಾರೆ. ಎಷ್ಟು ತೊಳೆದರೂ ಎಣ್ಣೆಯ ಪಸೆ ಮಡಿಕೆಗಳಲ್ಲಿ, ನೆತ್ತಿಯಲ್ಲಿ ಉಳಿದೇ ಉಳಿಯುತ್ತದೆ. ಒರೆಸಿದ ಮೇಲೆ ಸುತ್ತುವುದು ಹತ್ತಾರು ಸಲ ಒಗೆದು ಮೆತ್ತಗಾದ ಹಳೆಯ ಪಂಚೆಯನ್ನೋ ಸೀರೆಯ ತುಂಡನ್ನೋ. ಅಂಥ ಬಟ್ಟೆಯನ್ನೇ ಆರಿಸುವುದು ಬಡತನದಿಂದಲ್ಲ. ಅದರಲ್ಲಿ ಗಂಜಿ ಇಲ್ಲ, ಒರಟಿಲ್ಲ, ಎಷ್ಟು ಕುದಿಸಿದರೂ ಬಣ್ಣ ಬಿಡುವ ಭಯವಿಲ್ಲ, ದಿನಕ್ಕೆ ನಾಲ್ಕು ಸಲ ಒದ್ದೆಯಾದರೂ ಬದಲಿಗೆ ಇನ್ನೊಂದಿದೆ. ಈ ಪರಿಸರಕ್ಕೆ ಉಲ್ಲನ್ ಟೊಪ್ಪಿ ಬಂದರೆ ಏನಾಗುತ್ತದೆ? ಅಂಗಡಿಯಲ್ಲಿ ಉಲ್ಲನ್ ಎಂದು ಸಿಗುವ ನೂಲಿನಲ್ಲಿ ಹೆಚ್ಚಿನದು ಅಕ್ರಿಲಿಕ್. ಬೆವರನ್ನು ಹೀರಿಕೊಳ್ಳುವುದು ಅದಕ್ಕೆ ಬಾರದು, ಹೀರಿದ ಎಣ್ಣೆಯನ್ನು ಸುಲಭದಲ್ಲಿ ಬಿಡುವುದೂ ಇಲ್ಲ. ಎರಡನೆಯ ವಾರಕ್ಕೆ ಟೊಪ್ಪಿಗೆ ಕಮಟು ವಾಸನೆ, ಮಗುವಿನ ನೆತ್ತಿಯಲ್ಲಿ ಬೆವರುಸಾಲೆ. ಬಾಣಂತಿಯ ತಾಯಿ ಅದನ್ನು ತೊಳೆದು ಮಡಚಿ ಕಪಾಟಿಗೆ ಸೇರಿಸುತ್ತಾರೆ. ಹೆಣೆದವರಿಗೆ ಬೇಸರವಾಗಬಾರದೆಂದು ಫೋಟೋ ತೆಗೆಯುವ ದಿನ ಒಮ್ಮೆ ತೊಡಿಸಿದರೆ ಅದೇ ಹೆಚ್ಚು.

ಇನ್ನು ಅಳತೆಯ ಮಾತು. ಹೆರಿಗೆಗೆ ಮೊದಲೇ ಮಗುವಿಗೆಂದು ಏನನ್ನೂ ಕೊಳ್ಳುವುದಾಗಲಿ ಕೊಡುವುದಾಗಲಿ ಬೇಡ ಎಂಬ ನಂಬಿಕೆ ನಮ್ಮ ಎಷ್ಟೋ ಮನೆಗಳಲ್ಲಿ ಈಗಲೂ ಇದೆ. ಆದ್ದರಿಂದ ಉಡುಗೊರೆ ತಲುಪುವುದು ನಾಮಕರಣದ ಹೊತ್ತಿಗೆ ಅಥವಾ ಅದಾದ ಮೇಲೆ. ಹೊರದೇಶದಿಂದ ಅಂಚೆಯಲ್ಲೋ ಊರಿಗೆ ಹೊರಟವರ ಪೆಟ್ಟಿಗೆಯಲ್ಲೋ ಬರುವುದಾದರೆ ಇನ್ನೂ ತಡ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಮಾನದಂಡಕ್ಕಾಗಿ ಅಳೆದ ಮಕ್ಕಳಲ್ಲಿ ಭಾರತದವರೂ ಇದ್ದರು. ಅದರ ಪ್ರಕಾರ ಗಂಡುಮಗುವಿನ ತಲೆಯ ಸುತ್ತಳತೆ ಹುಟ್ಟುವಾಗ ಸರಾಸರಿ 34.5 ಸೆಂಟಿಮೀಟರ್, ಮೂರು ತಿಂಗಳಿಗೆ ಸುಮಾರು 40.5, ಆರು ತಿಂಗಳಿಗೆ 43ಕ್ಕೂ ಮೇಲೆ. ಹೆಣ್ಣುಮಗುವಿನದು ಅದಕ್ಕಿಂತ ಚೂರು ಕಡಿಮೆ. ಅಂದರೆ ಹುಟ್ಟಿದ ಮಗುವಿನ ಅಳತೆಗೆ ಹೆಣೆದ ಟೊಪ್ಪಿ ಊರು ಸೇರುವ ಹೊತ್ತಿಗೇ ಬಿಗಿ. ದೊಡ್ಡದಾಗಿ ಹೆಣೆದರೆ ಕಣ್ಣು ಮೂಗಿನ ಮೇಲೆ ಜಾರುತ್ತದೆ. ಕಾಲುಚೀಲದ ಕಥೆಯೂ ಇದೇ. ಮೇಲಾಗಿ ಮಗು ಅದನ್ನು ಒದ್ದು ಬೀಳಿಸುತ್ತದೆ. ಅದರ ಒಳಗಡೆ ಸಡಿಲವಾಗಿ ಉಳಿದ ಎಳೆಯೊಂದು ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತ ಓಡಾಡದಂತೆ ಬಿಗಿಯಬಹುದು. ಎರಡು ಬಣ್ಣದ ಚಿತ್ತಾರದ ಹೆಣಿಗೆಯಲ್ಲಿ ಹಿಂಬದಿಗೆ ಉದ್ದುದ್ದ ಎಳೆಗಳು ಬರುತ್ತವೆ, ಆದ್ದರಿಂದ ಅಪಾಯ ಹೆಚ್ಚು. ಮಗು ಏಕೆ ಅಳುತ್ತಿದೆಯೆಂದು ಯಾರಿಗೂ ತಿಳಿಯದ ಹೊತ್ತಿನಲ್ಲಿ ಕಾಲುಚೀಲ ತೆಗೆದು ನೋಡುವುದು ತಕ್ಷಣ ಹೊಳೆಯುವುದೂ ಇಲ್ಲ. ಹೊದಿಕೆಗೆ ಈ ಅಳತೆಯ ಗೋಳಿಲ್ಲ. ಗಂಡೋ ಹೆಣ್ಣೋ ಎಂದು ತಿಳಿಯುವವರೆಗೆ ಕಾಯಬೇಕಾಗಿಯೂ ಇಲ್ಲ.

ಇದಕ್ಕೆ ಹಿರಿಯರಿಂದ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ: ಆಟಿ ತಿಂಗಳ ಮಳೆಯಲ್ಲಿ ಹುಟ್ಟಿದ ಮಗುವಿಗೆ ತಲೆಗೆ ಗಾಳಿ ತಾಗಬಾರದು, ಕುಲಾವಿ ಕಟ್ಟುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಆ ಎಚ್ಚರದ ಹಿಂದೆ ಅನುಭವವಿದೆ. ಎಳೆಮಗುವಿನ ತಲೆ ದೇಹಕ್ಕೆ ಹೋಲಿಸಿದರೆ ದೊಡ್ಡದು, ಆ ದಾರಿಯಾಗಿ ಶಾಖ ಬೇಗ ಹೋಗುತ್ತದೆ. ಹುಟ್ಟಿದ ಮೊದಲ ಗಂಟೆಗಳಲ್ಲಿ ಆಸ್ಪತ್ರೆಯವರೂ ಟೊಪ್ಪಿ ಹಾಕುತ್ತಾರೆ. ತೂಕ ಕಡಿಮೆಯಿರುವ, ದಿನ ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಡಾಕ್ಟರು ಹೇಳಿದ್ದೇ ಸರಿ. ಆದರೆ ಕುಲಾವಿ ಎಂದರೆ ಹಳೆಯ ಹತ್ತಿ ಬಟ್ಟೆಯ ಹಗುರವಾದ ಹೊಲಿಗೆ, ಬಿಗಿಯಾದ ಉಲ್ಲನ್ ಟೊಪ್ಪಿಯಲ್ಲ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2022ರಲ್ಲಿ ಕೊಟ್ಟ ಸಲಹೆಯಲ್ಲಿ, ಹುಟ್ಟಿದ ಮೊದಲ ಗಂಟೆಗಳೂ ತೀವ್ರ ನಿಗಾ ಘಟಕವೂ ಬಿಟ್ಟರೆ, ಮನೆಯೊಳಗೆ ಶಿಶುವಿಗೆ ಟೊಪ್ಪಿ ಬೇಡ, ಮೈ ಬಿಸಿಯೇರುವ ಅಪಾಯವಿದೆ ಎಂದಿದೆ. ಚಳಿಯ ದೇಶದ ವೈದ್ಯರೇ ಹೀಗೆ ಹೇಳುವಾಗ ಬದಿಯಡ್ಕದ ಸೆಖೆಯಲ್ಲಿ ಇನ್ನೇನು ಹೇಳಬೇಕು? ಅದೇ ಸಲಹೆಯಲ್ಲಿ ನನ್ನ ವಾದಕ್ಕೆ ಎದುರಾಗುವ ಮಾತೂ ಇದೆ: ಒಂದು ವರ್ಷದೊಳಗಿನ ಮಗು ಮಲಗುವಲ್ಲಿ ಸಡಿಲ ಹೊದಿಕೆ ಇಡಬಾರದು, ಅದು ಮುಖದ ಮೇಲೆ ಬಂದರೆ ಉಸಿರು ಕಟ್ಟಬಹುದು. ಇದನ್ನು ಒಪ್ಪಿಯೇ ಮುಂದುವರಿಯಬೇಕು. ನಾನು ಹೇಳುವ ಹೊದಿಕೆ ನಿದ್ದೆಗಲ್ಲ, ಎಚ್ಚರದ ಹೊತ್ತಿಗೆ. ಆರು, ಹತ್ತು, ಹದಿನಾಲ್ಕನೇ ವಾರಗಳಲ್ಲಿ ಚುಚ್ಚುಮದ್ದಿಗೆಂದು ರಿಕ್ಷಾದಲ್ಲಿ ಹೋಗುವಾಗ ಎರಚಲು ತಾಗದಂತೆ ಮಡಿಲಲ್ಲಿ ಸುತ್ತಿಕೊಳ್ಳಲು, ಚಾವಡಿಯ ತಣ್ಣನೆಯ ನೆಲದಲ್ಲಿ ಚಾಪೆಯ ಮೇಲೆ ಹಾಸಿ ಕೂಸನ್ನು ಕವುಚಿ ಮಲಗಿಸಿ ಆಡಿಸಲು, ಮೀಯಿಸಿದ ಮೇಲೆ ಅಜ್ಜಿಯ ತೊಡೆಯಲ್ಲಿ ಬೆಚ್ಚಗೆ ಹಿಡಿದುಕೊಳ್ಳಲು ಅದು ಬೇಕು. ತೊಟ್ಟಿಲಿಗೆ ಹಾಕಬಾರದೆಂದು ಉಡುಗೊರೆಯ ಜೊತೆ ಒಂದು ಚೀಟಿಯಲ್ಲಿ ಬರೆದೇ ಕಳುಹಿಸಬೇಕು.

ಹೆಣಿಗೆ ಬಲ್ಲವರು ಕೇಳುವ ಪ್ರಶ್ನೆ ಬೇರೆ, ಮತ್ತು ಅದು ಇನ್ನೂ ಕಠಿಣ. ಹತ್ತಿ ನೂಲು ಭಾರ, ನೀರು ಕುಡಿದರೆ ಮತ್ತೂ ಭಾರ; ವಾರಗಟ್ಟಲೆ ಬಿಸಿಲು ಕಾಣದ ಊರಿನಲ್ಲಿ ಅದು ಒಣಗುವುದು ಯಾವಾಗ? ಮಳೆಗಾಲದಲ್ಲಿ ಮಗುವಿನ ಬಟ್ಟೆಯನ್ನು ಬಚ್ಚಲೊಲೆಯ ಮೇಲ್ಗಡೆ ಹಗ್ಗ ಕಟ್ಟಿ ಒಣಗಿಸುವ ಮನೆಗಳಲ್ಲಿ ಜಾಗ ಸಿಗುವುದೇ ಗೇಣು ಅಗಲ, ಜೊತೆಗೆ ಹೊಗೆಯ ವಾಸನೆ. ನಾಲ್ಕೆಳೆಯ ದಪ್ಪ ನೂಲಿನಲ್ಲಿ ಒಂದು ಮೀಟರ್ ಚೌಕದ ಹೊದಿಕೆ ಹೆಣೆದು ಕಳುಹಿಸಿದರೆ ಅದು ಎರಡು ದಿನವಾದರೂ ಒಣಗದು, ಮೂರನೆಯ ದಿನ ಬೂಷ್ಟು ಹಿಡಿದೀತು. ಆದ್ದರಿಂದಲೇ ತೆಳು ಮತ್ತು ಚಿಕ್ಕದು ಎಂದೆ. ಸಣ್ಣ ನೂಲು, ನೂಲಿನ ಪ್ರಮಾಣಕ್ಕಿಂತ ತುಸು ದಪ್ಪ ಕಡ್ಡಿ, ಎಪ್ಪತ್ತು ಸೆಂಟಿಮೀಟರ್ ಆಸುಪಾಸಿನ ಚೌಕ. ಜಾಲರಿ ಚಿತ್ತಾರ ಕಣ್ಣಿಗೆ ಚಂದ, ಬೇಗ ಒಣಗುತ್ತದೆ ಕೂಡ, ಆದರೆ ಅದರ ತೂತುಗಳಿಗೆ ಮಗುವಿನ ಬೆರಳು ಸಿಕ್ಕಿಕೊಳ್ಳುತ್ತದೆ. ಎಲ್ಲ ಸಾಲೂ ಸೀದಾ ಹೆಣೆಯುವುದೇ ಕ್ಷೇಮ. ಹಾಗೆ ಹೆಣೆದದ್ದು ಎರಡೂ ಬದಿ ಒಂದೇ ರೀತಿ ಕಾಣುತ್ತದೆ, ಅಂಚು ಸುರುಳಿಕೊಳ್ಳುವುದಿಲ್ಲ. ಕೌಶಲ ತೋರಿಸಲು ಅದರಲ್ಲಿ ಅವಕಾಶವಿಲ್ಲ ಎಂದು ನುರಿತವರಿಗೆ ಅನ್ನಿಸಬಹುದು. ನಾನು ಹಾಗೆ ತಿಳಿಯುವುದಿಲ್ಲ. ಸಾವಿರಾರು ಕುಣಿಕೆಗಳು ಒಂದೇ ಹದದಲ್ಲಿ ಬಂದಿರುವುದು, ನೂಲಿನ ತುದಿಗಳು ಎಲ್ಲಿ ಮುಗಿದವೆಂದು ಕೈಗೆ ಸಿಗದಿರುವುದು ಚಿತ್ತಾರಕ್ಕಿಂತ ಕಷ್ಟದ ಕೆಲಸ.

ಪ್ರೀತಿಯಿಂದ ಕೊಟ್ಟದ್ದರಲ್ಲಿ ಉಪಯೋಗದ ಲೆಕ್ಕ ಹಾಕಬಾರದು ಎನ್ನುವವರೂ ಇದ್ದಾರೆ. ಆದರೆ ತಿಂಗಳುಗಟ್ಟಲೆ ಹೆಣೆದ ಶ್ರಮ ಕಪಾಟಿನಲ್ಲಿ ನುಸಿಗುಳಿಗೆಯ ಜೊತೆ ಕೂತಿರಲಿ ಎಂದು ಹೆಣೆದವರಿಗೇ ಇಷ್ಟವಿರುವುದಿಲ್ಲ. ಮಗು ನಡೆಯಲು ಕಲಿತ ಮೇಲೂ ಎಳೆದುಕೊಂಡು ಓಡಾಡುವ, ಆಮೇಲೆ ತಮ್ಮನಿಗೋ ತಂಗಿಗೋ ದಾಟುವ ವಸ್ತು ಆ ಪ್ರೀತಿಗೆ ಹೆಚ್ಚು ನ್ಯಾಯ ಒದಗಿಸುತ್ತದೆ.

ಹಾಗಾದರೆ ಬದಿಯಡ್ಕದ ಅಜ್ಜಿ ಟೊರಾಂಟೋದಲ್ಲೋ ಶಿಕಾಗೋದಲ್ಲೋ ಹುಟ್ಟಿದ ಮೊಮ್ಮಗುವಿಗೆ ಹೆಣೆಯುವುದಾದರೆ? ಅಲ್ಲಿ ನಿಜವಾದ ಚಳಿಯಿದೆ, ಸ್ವೆಟರ್ ಬೇಕಲ್ಲವೇ ಎಂಬ ಮಾತು ಸಹಜ. ಅಲ್ಲಿಯೂ ನಾನು ಹೊದಿಕೆಯ ಪರವೇ, ನೂಲು ಮಾತ್ರ ಬೇರೆ. ಆ ದೇಶಗಳಲ್ಲಿ ಮಗು ಹೊರಗೆ ಹೋಗುವುದು ಹೆಚ್ಚಾಗಿ ಕಾರಿನ ಸೀಟಿನಲ್ಲಿ. ದಪ್ಪ ಕೋಟಿನ ಮೇಲೆ ಬೆಲ್ಟ್ ಹಾಕಿದರೆ ಅಪಘಾತದಲ್ಲಿ ಕೋಟು ಒತ್ತಿಹೋಗಿ ಬೆಲ್ಟ್ ಸಡಿಲವಾಗುತ್ತದೆ. ಆದ್ದರಿಂದ ಮೊದಲು ಬೆಲ್ಟ್ ಬಿಗಿದು, ಅದರ ಮೇಲಿನಿಂದ ಹೊದಿಸಿರಿ ಎಂದೇ ಅಲ್ಲಿನ ಮಕ್ಕಳ ವೈದ್ಯರು ಹೇಳುವುದು. ಮನೆಯೊಳಗೆ ಹೀಟರು ಇರುತ್ತದೆ, ಸ್ವೆಟರಿನ ಅಗತ್ಯ ಅಷ್ಟಿಲ್ಲ. ಅಸಲಿ ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವ ಹೀರಿಯೂ ಬೆಚ್ಚಗಿರುತ್ತದೆ, ಆ ಚಳಿಗೆ ಅದು ತಕ್ಕದ್ದು. ಆದರೆ ಬಾಣಂತಿಯ ಮನೆಯಲ್ಲಿ ಬಟ್ಟೆಯೆಲ್ಲ ಮೆಶಿನ್ನಿಗೆ ಬೀಳುತ್ತದೆ. ಸಾಮಾನ್ಯ ಉಣ್ಣೆ ಡ್ರೈಯರಿನಿಂದ ಗಟ್ಟಿಯಾಗಿ, ಕುಗ್ಗಿ ಹೊರಬರುತ್ತದೆ. ಮೆಶಿನ್ನಿನಲ್ಲಿ ಒಗೆಯಬಹುದಾದ ಉಣ್ಣೆಯೇ ಎಂದು ಕೊಳ್ಳುವಾಗಲೇ ಲೇಬಲ್ ನೋಡಿಕೊಳ್ಳಬೇಕು.

ಬಣ್ಣದ ವಿಚಾರದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಊರಿಗೆ ಹೋಗುವುದಾದರೆ ಅಚ್ಚ ಬಿಳಿ ಬೇಡ, ಎಣ್ಣೆಯ ಕಲೆ, ಅರಿಶಿನದ ಕಲೆ ಎದ್ದು ಕಾಣುತ್ತವೆ. ಶುಭಕ್ಕೆ ಕಪ್ಪು ಕೊಟ್ಟರೆ ಹಿರಿಯರು ಒಪ್ಪುವುದಿಲ್ಲ. ಹೆಣೆದು ಮುಗಿಸಿದ ಮೇಲೆ ಎರಡು ಮೂರು ಸಲ ಒಗೆದೇ ಕಳುಹಿಸಬೇಕು: ಹತ್ತಿ ಒಗೆದಷ್ಟೂ ಮೆತ್ತಗಾಗುತ್ತದೆ, ಕುಗ್ಗುವುದಿದ್ದರೆ ಅಲ್ಲೇ ಕುಗ್ಗಿಬಿಡುತ್ತದೆ, ಬಣ್ಣ ಬಿಡುತ್ತದೆಯೇ ಎಂಬುದೂ ತಿಳಿಯುತ್ತದೆ. ಹಗ್ಗಕ್ಕೆ ನೇತು ಹಾಕಿದರೆ ಹೆಣಿಗೆ ಜೋತು ಉದ್ದವಾಗುವುದರಿಂದ ಚಾಪೆಯ ಮೇಲೆ ಹರಡಿ ಒಣಗಿಸಿ ಎಂದು ಆ ಚೀಟಿಯಲ್ಲೇ ಇನ್ನೊಂದು ಸಾಲು ಸೇರಿಸಬಹುದು. ಉಳಿದ ನೂಲಿನದೊಂದು ಸಣ್ಣ ಉಂಡೆಯನ್ನೂ ಜೊತೆಗಿಟ್ಟರೆ, ಎಲ್ಲಾದರೂ ಎಳೆ ಕಿತ್ತಾಗ ಅದೇ ಬಣ್ಣದ ನೂಲಿಗಾಗಿ ಮಂಗಳೂರಿನವರೆಗೆ ಹುಡುಕುವುದು ತಪ್ಪುತ್ತದೆ.