ಸಂಗ್ರಹವೂ ದಾಸ್ತಾನೂ



ಹೆದ್ದಾರಿಯ ಬದಿಯ ದೊಡ್ಡ ಜಾಹೀರಾತು ಫಲಕಕ್ಕೆ 'ಹೋರ್ಡಿಂಗ್' ಎನ್ನುವುದನ್ನು ನೀವು ಕೇಳಿರುವಿರಿ. ಧಾನ್ಯವನ್ನು ಬಚ್ಚಿಟ್ಟು ಬೆಲೆಯೇರಲೆಂದು ಕಾಯುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಹೆಸರು. ಮೂಲದಲ್ಲಿ ಇವು ಬೇರೆ ಬೇರೆ ಶಬ್ದಗಳು. ಫಲಕದ ಹೆಸರು ಹಲಗೆಯ ತಡಿಕೆಯನ್ನು ಸೂಚಿಸುವ ಹಳೆಯ ಫ್ರೆಂಚ್ ಮಾತಿನಿಂದ ಬಂದುದು. ಇನ್ನೊಂದು, ನಿಧಿ ಎಂಬರ್ಥದ ಹಳೆಯ ಇಂಗ್ಲಿಷ್ ಮಾತಿನಿಂದ. ಒಂದು ತೋರಿಸುವಂಥದು, ಮತ್ತೊಂದು ಮುಚ್ಚಿಡುವಂಥದು.

ಮುಚ್ಚಿಡುವುದರಲ್ಲಿಯೂ ಭೇದಗಳುಂಟು. ಉತ್ತರ ಕರ್ನಾಟಕದ ರೈತರು ನೆಲದೊಳಗಿನ ಹಗೇವಿನಲ್ಲಿ ಜೋಳ ತುಂಬಿ ಬರಗಾಲಕ್ಕೆಂದು ಕಾಯ್ದಿಡುತ್ತಿದ್ದರು. ಅದು ವಿವೇಕದ ಸಂಗ್ರಹ. ಅಭಾವದ ಕಾಲದಲ್ಲಿ ವರ್ತಕನು ಗೋದಾಮಿಗೆ ಬೀಗವಿಕ್ಕಿದರೆ ಅದು ಕಾಳಸಂತೆಯ ದಾಸ್ತಾನು. 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನರು ಮಡಿದುದಕ್ಕೆ ಇಂಥ ದಾಸ್ತಾನೂ ಒಂದು ಕಾರಣವೆಂಬುದನ್ನು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನರು 1981ರ ತಮ್ಮ ಗ್ರಂಥದಲ್ಲಿ ವಿವೇಚಿಸಿದ್ದಾರೆ. ಇನ್ನು ಹರಿದ ಕಾಗದವನ್ನೂ ಒಡೆದ ಪಾತ್ರೆಯನ್ನೂ ಬಿಡಲಾರದೆ ಮನೆ ತುಂಬಿಕೊಂಡು ನರಳುವವರುಂಟು. ಅಮೆರಿಕದ ಮನೋವೈದ್ಯರು 2013ರಲ್ಲಿ ಇದನ್ನು ಪ್ರತ್ಯೇಕ ವ್ಯಾಧಿಯೆಂದು ಪರಿಗಣಿಸಿದರು. ಅಂಥವರನ್ನು ಹಳಿಯಬಾರದು, ಅವರಿಗೆ ಚಿಕಿತ್ಸೆಯೂ ಕರುಣೆಯೂ ಬೇಕು.

ಹಾಗಾದರೆ ಸಂಗ್ರಹವು ದಾಸ್ತಾನಾಗುವುದು ಎಲ್ಲಿ? ಪ್ರಮಾಣದಿಂದ ಇದು ನಿರ್ಣಯವಾಗದು. ದಾಸೋಹದ ಉಗ್ರಾಣದಲ್ಲಿ ನೂರಾರು ಚೀಲಗಳಿದ್ದರೂ ದೋಷವಿಲ್ಲ. ಆದರೆ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಕೊಂಚ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರು. ಆ ತಾಯಿ ಕಂಡದ್ದು ಅಕ್ಕಿಯ ಹಿಂದಿನ ಆಸೆಯನ್ನು. ಅಗತ್ಯದ ದಿನ ಬಂದಾಗ ಬಾಗಿಲು ತೆರೆಯುವುದೋ ಇಲ್ಲವೋ ಎಂಬುದೇ ಇಲ್ಲಿ ಒರೆಗಲ್ಲು. ಬರ ಬಂದಾಗ ಹಗೇವು ತೆರೆಯುತ್ತಿತ್ತು. ಕಾಳಸಂತೆಯವನ ಗೋದಾಮು ಅಂದೇ ಮುಚ್ಚಿಕೊಳ್ಳುವುದು.

ಈ ಮಾತನ್ನು ನಾವು ಪರರಿಗೆ ಮಾತ್ರ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಉಗ್ರಾಣದ ಹಳೆಯ ಪೆಟ್ಟಿಗೆಯೊಂದನ್ನು ತೆಗೆಸಿದೆವು. ಭಕ್ತರು ಹೊದಿಸಿದ್ದ ಉಣ್ಣೆಯ ಶಾಲುಗಳು ನುಸಿ ತಿಂದು ಪುಡಿಯಾಗಿದ್ದವು. ಭಕ್ತಿಯ ಕಾಣಿಕೆ ಜೋಪಾನವಾಗಿರಲೆಂದು ನಾವೇ ಅವನ್ನು ಇಡಿಸಿದ್ದೆವು. ಅದೇ ವರ್ಷಗಳ ಮಾಗಿಯ ಚಳಿಯಲ್ಲಿ ಮಠದ ಜಗುಲಿಯ ಮೇಲೆ ಎಷ್ಟೋ ಮುದುಕರು ನಡುಗುತ್ತ ಮಲಗಿ ಎದ್ದು ಹೋಗಿದ್ದರು. ಅಂದು ನಮಗೆ ನಾಚಿಕೆಯಾಯಿತು.

ಬಹುಕಾಲ ಮುಚ್ಚಿದ ಹಗೇವಿನಲ್ಲಿ ವಿಷವಾಯು ತುಂಬಿರುವುದೆಂದು ರೈತರು ಬಲ್ಲರು. ಬಾಯಿ ತೆರೆದು ಗಾಳಿಯಾಡಿಸದೆ ಒಳಗಿಳಿಯರು. ಮನಸ್ಸಿನ ಪಾಡೂ ಹಾಗೆಯೇ. ಈ ತಿಂಗಳು ನಿಮ್ಮ ಮನೆಯ ಪೆಟ್ಟಿಗೆಯೊಂದನ್ನು ತೆರೆದು ನೋಡಿರಿ. ಅದರಲ್ಲಿರುವುದು ಯಾರ ಯಾವ ಅಗತ್ಯಕ್ಕಾಗಿ ಕಾದಿದೆಯೆಂದು ಕೇಳಿಕೊಳ್ಳಿರಿ. ಆ ಅಗತ್ಯ ಈಗಾಗಲೇ ಬಂದು ನಿಮ್ಮ ಬಾಗಿಲಲ್ಲಿ ನಿಂತಿದ್ದರೆ ತಡಮಾಡಬೇಡಿರಿ.