ಒಬ್ಬ ಹೆಚ್ಚಿಗೆ ಇದ್ದರೂ

ಪವರ್‌ಪ್ಲೇ ಎಂದರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಕ್ರಿಕೆಟ್ಟಿನ ಮೊದಲ ಆರು ಓವರು. ಐಸ್ ಹಾಕಿಯಲ್ಲಿ ಆ ಹೆಸರಿಗೆ ಬೇರೆಯೇ ಅರ್ಥ. ಎದುರಾಳಿ ತಂಡದವನೊಬ್ಬ ಕಾಲಿಗೆ ಕೋಲು ಅಡ್ಡ ಹಾಕಿದ, ಇಲ್ಲವೇ ಹಿಡಿದೆಳೆದ ಎಂದುಕೊಳ್ಳಿ. ಅವನು ಎರಡು ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಕೂರಬೇಕು. ಗೋಲ್‌ಕೀಪರುಗಳನ್ನು ಬಿಟ್ಟರೆ ಅಷ್ಟು ಹೊತ್ತು ಈ ಕಡೆ ಐದು ಜನ, ಆ ಕಡೆ ನಾಲ್ಕು. ಅಷ್ಟರಲ್ಲಿ ಗೋಲು ಬಿದ್ದರೆ ಶಿಕ್ಷೆ ಅಲ್ಲಿಗೇ ಮುಗಿಯಿತು. ಬೀಳದಿದ್ದರೆ ಎರಡು ನಿಮಿಷವಾದ ಮೇಲೆ ಅವನು ಎದ್ದು ಬರುತ್ತಾನೆ, ಆಟ ಮತ್ತೆ ಸಮಬಲ.

ಕೆಲಸದ ಮೇಲೆ ಒಂದು ಚಳಿಗಾಲ ಮಿನಿಯಾಪೊಲಿಸ್‌ನಲ್ಲಿದ್ದಾಗ ನನಗೆ ಈ ಆಟದ ರುಚಿ ಹತ್ತಿತು. ಕೊಡಗಿನವರಿಗೆ ಕುಟುಂಬ ಹಾಕಿ ಹೇಗೋ, ಮಿನಿಸೋಟ, ಮಿಷಿಗನ್, ನಾರ್ತ್ ಡಕೋಟ, ಬಾಸ್ಟನ್ ಕಡೆಯವರಿಗೆ ಕಾಲೇಜು ಹಾಕಿ ಹಾಗೆ. ಹೆಚ್ಚಾಗಿ ಶುಕ್ರವಾರ, ಶನಿವಾರದ ರಾತ್ರಿ ಪಂದ್ಯ. ತಂಡ ಸತತವಾಗಿ ಪವರ್‌ಪ್ಲೇಗಳನ್ನು ಕಳೆದುಕೊಳ್ಳುತ್ತಿದ್ದರೆ ಅಭಿಮಾನಿಗಳ ಮಾತಿನ ಧಾಟಿ ನಮಗೆ ಪರಿಚಿತವೇ: ಐದು ಜನ ಇದ್ದೂ ಆಗಲಿಲ್ಲವೇ? ಹುಡುಗರಿಗೆ ಛಲವಿಲ್ಲ. ಸೋಮಾರಿಗಳು. ಆ ಸಹಾಯಕ ಕೋಚನ್ನು ಕಿತ್ತುಹಾಕಬೇಕು.

ಆಟದ ಬಗ್ಗೆ ಶುರುವಾದ ಮಾತು ಎಷ್ಟು ಬೇಗ ನಡತೆಯ ಬಗ್ಗೆ ತಿರುಗಿತು ನೋಡಿ. ಗೋಲು ಬೀಳಲಿಲ್ಲ ಎಂಬುದು ಒಂದು ಘಟನೆ. ಛಲವಿಲ್ಲ ಎಂಬುದು ಒಬ್ಬ ಮನುಷ್ಯನ ಮೇಲಿನ ತೀರ್ಪು. ಮೊದಲನೆಯದರಿಂದ ಎರಡನೆಯದಕ್ಕೆ ಹೋಗಲು ನಮಗೆ ಏನು ಅಧಿಕಾರವಿದೆ ಎಂಬುದೇ ನನ್ನ ಪ್ರಶ್ನೆ.

ಮೊದಲು ಲೆಕ್ಕ. ಎನ್‌ಎಚ್‌ಎಲ್‌ನ ವೃತ್ತಿಪರ ತಂಡಗಳು ಸರಾಸರಿ 100 ಪವರ್‌ಪ್ಲೇಗಳಲ್ಲಿ ಸುಮಾರು 20ರಲ್ಲಿ ಗೋಲು ಹೊಡೆಯುತ್ತವೆ. ಆ ಲೀಗಿನ ದಾಖಲೆ 2022-23ರ ಎಡ್ಮಂಟನ್ ಆಯಿಲರ್ಸ್ ತಂಡದ್ದು, ಶೇ. 32.4. ಮ್ಯಾಕ್‌ಡೇವಿಡ್‌ನಂಥ ಆಟಗಾರ ಇದ್ದ ತಂಡವೂ ಮೂರರಲ್ಲಿ ಎರಡು ಸಲ ಬರಿಗೈಯಲ್ಲಿ ಮರಳಿದೆ. ಕಾಲೇಜು ತಂಡಕ್ಕೂ ಶೇ. 20 ಎಂದರೆ ಮರ್ಯಾದೆಯ ಅಂಕವೇ. ಈಗ ನಿಜವಾಗಿಯೂ ಶೇ. 20ರ ಸಾಮರ್ಥ್ಯವಿರುವ ಒಂದು ತಂಡವನ್ನು ತೆಗೆದುಕೊಳ್ಳಿ. ಪ್ರತಿ ಅವಕಾಶವೂ ಸ್ವತಂತ್ರ ಎಂದಿಟ್ಟುಕೊಂಡರೆ, ಸತತ 10 ಅವಕಾಶಗಳಲ್ಲಿ ಒಂದೂ ಗೋಲು ಬಾರದಿರುವ ಸಾಧ್ಯತೆ ಶೇ. 11ರಷ್ಟಿದೆ. 20 ಅವಕಾಶಗಳಲ್ಲಿ ಎರಡೋ ಅದಕ್ಕಿಂತ ಕಡಿಮೆಯೋ ಗೋಲು ಬರುವ ಸಾಧ್ಯತೆ ಶೇ. 20ಕ್ಕೂ ಒಂದು ಕೂದಲೆಳೆ ಹೆಚ್ಚು. ಪಂದ್ಯಕ್ಕೆ ಮೂರು ನಾಲ್ಕು ಅವಕಾಶ ಸಿಕ್ಕರೆ 20 ಅವಕಾಶ ಎಂದರೆ ಐದಾರು ಪಂದ್ಯ, ಮೂರು ವಾರಾಂತ್ಯ. ಏನೂ ಕೆಟ್ಟಿರದ ಐದು ತಂಡಗಳಲ್ಲಿ ಒಂದು, ಕೇವಲ ಅದೃಷ್ಟದ ಆಟದಿಂದ, ಮೂರು ವಾರ ಕೆಟ್ಟುಹೋದಂತೆ ಕಾಣುತ್ತದೆ.

ಇಷ್ಟು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ನಮ್ಮ ವೃತ್ತಿಯವರಿಗೆ ಆ ಚಾಳಿ ಇದೆ, ಡೇಟಾ ಸಾಲದು ಎಂದು ಸಭೆ ಮುಗಿಸುವುದು. ಆದರೆ ವರ್ಷಗಟ್ಟಲೆ ಆಟ ನೋಡಿದ ಅಭಿಮಾನಿಯ ಕಣ್ಣು ಸುಳ್ಳಲ್ಲ. ಗೋಲಿನ ಮುಂದೆ ಪೆಟ್ಟು ತಿನ್ನುತ್ತಾ ನಿಲ್ಲಲು ಯಾರೂ ಹೋಗುತ್ತಿಲ್ಲ, ಎಲ್ಲರೂ ಅಂಚಿನಲ್ಲೇ ಪಕ್ಕನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದಾರೆ, ಎದುರಾಳಿಯ ವಲಯದೊಳಗೆ ಪಕ್ ತೆಗೆದುಕೊಂಡು ಹೋಗುವಲ್ಲೇ ಅರ್ಧ ನಿಮಿಷ ಕಳೆಯುತ್ತಿದೆ. ಇವು ಅವನಿಗೆ ಕಾಣುತ್ತವೆ, ಶೇಕಡಾವಾರಿನಲ್ಲಿ ಕಾಣುವುದಿಲ್ಲ. ಇವು ಆಟಗಾರ ಆಯ್ದುಕೊಂಡ ಸಂಗತಿಗಳು, ಹಾಗಾಗಿ ಟೀಕೆಗೆ ಅರ್ಹ. ಗೋಲು ಬಿದ್ದ ದಿನವೂ ಇದೇ ಟೀಕೆಯನ್ನು ಮಾಡುತ್ತಾನಾದರೆ ಅಂಥ ಅಭಿಮಾನಿಯ ಮಾತನ್ನು ನಾನು ಕೂತು ಕೇಳುತ್ತೇನೆ.

"ಹೊಡಿ! ಹೊಡಿ!" ಎಂದು ಕೂಗುವವರ ವಿಷಯ ಬೇರೆ. ಗ್ಯಾಲರಿಯ ಎತ್ತರದಿಂದ ರಿಂಕ್ ಒಂದು ನಕಾಶೆಯಂತೆ ಕಾಣುತ್ತದೆ, ಖಾಲಿ ಜಾಗವೆಲ್ಲ ಎದ್ದು ತೋರುತ್ತದೆ. ಕೆಳಗೆ ಹಿಮದ ಮೇಲೆ ನಿಂತ ಹುಡುಗನಿಗೆ ಎದುರಿಗಿರುವುದು ಕಾಲುಗಳು, ಕೋಲುಗಳು, ನಡುವೆ ತೂರಿದರೂ ಯಾರದೋ ಮೊಣಕಾಲಿಗೆ ಬಡಿಯುವ ಸಂದು. ಅವನಿಗೆ ಕಾಣದ್ದನ್ನು ನೋಡಿ ನಾವು ಅವನನ್ನು ಹೇಡಿ ಎನ್ನುತ್ತೇವೆ.

ಫಲ ನೋಡಿ ತೀರ್ಪು ಕೊಡುವ ಅಭ್ಯಾಸದ ಬಗ್ಗೆ ತತ್ತ್ವಶಾಸ್ತ್ರಜ್ಞರಾದ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ 1976ರಲ್ಲಿ ಚರ್ಚೆ ನಡೆಸಿದರು. ನೇಗಲ್ ಕೊಡುವ ಉದಾಹರಣೆ ಒಬ್ಬ ಲಾರಿ ಚಾಲಕನದು: ಬ್ರೇಕ್ ಪರೀಕ್ಷಿಸದೆ ಹೊರಟವನಿಗೆ ದಾರಿಯಲ್ಲಿ ಮಗು ಅಡ್ಡ ಬಂದರೆ ಅವನು ಜೀವನವಿಡೀ ಅಪರಾಧಿ. ಬಾರದಿದ್ದರೆ ಅವನ ಅಜಾಗ್ರತೆಯನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಮಾಡಿದ ತಪ್ಪು ಎರಡು ಕಡೆಯೂ ಅಷ್ಟೇ.

ಇದನ್ನು ತಿರುವಿ ನೋಡಲು 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್ ಇದೆ. ಹರ್ಬ್ ಬ್ರೂಕ್ಸ್ ಎಂಬ ಕೋಚ್ ಕಾಲೇಜು ತಂಡಗಳ ಹುಡುಗರನ್ನು ಕಟ್ಟಿಕೊಂಡು ಸೋವಿಯತ್ ಒಕ್ಕೂಟವನ್ನು ಸೋಲಿಸಿದ ಪಂದ್ಯ. ಮೂರನೆಯ ಅವಧಿಯಲ್ಲಿ ಅಮೆರಿಕ 2-3 ಹಿಂದಿತ್ತು. ಸೋವಿಯತ್ತಿನ ಕ್ರುಟೋವ್ ಪೆನಾಲ್ಟಿ ಬಾಕ್ಸಿನಲ್ಲಿ. ಎರಡು ನಿಮಿಷ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಡೇವ್ ಸಿಲ್ಕ್ ಪಕ್ಕನ್ನು ಒಳಗೆ ಒಯ್ಯುತ್ತಾ ಬಿದ್ದುಬಿಟ್ಟ, ಪಕ್ ಜಾರಿ ಮಾರ್ಕ್ ಜಾನ್ಸನ್ ಬಳಿ ಬಂತು, ಅವನು ಹೊಡೆದ, 3-3. ಸ್ವಲ್ಪ ಹೊತ್ತಿಗೇ ಎರುಜಿಯೋನಿ ನಾಲ್ಕನೆಯದನ್ನು ಹೊಡೆದ, ಪಂದ್ಯ 4-3. ಬೀಳುವವನ ಕೋಲಿನಿಂದ ಜಾರಿದ ಪಕ್ ಒಂದು ಅಡಿ ಆಚೆ ಹೋಗಿದ್ದರೆ? ಅದೇ ಹುಡುಗರು, ಅದೇ ಛಲ, ಇನ್ನೊಂದು ವ್ಯರ್ಥವಾದ ಪವರ್‌ಪ್ಲೇ. ಅವರ ಗುಣದ ಬಗ್ಗೆ ನಾವು ಬರೆದದ್ದೆಲ್ಲ ಆ ಒಂದು ಅಡಿಯ ಮೇಲೆ ನಿಂತಿದೆ.

ಆದರೂ ವ್ಯರ್ಥವಾದ ಪವರ್‌ಪ್ಲೇ ಮಾಮೂಲಿ ಸೋಲಿಗಿಂತ ಹೆಚ್ಚು ಕುಟುಕುತ್ತದೆ. ಐದಕ್ಕೆ ಐದು ಇದ್ದಾಗ ಗೋಲು ಬಾರದಿದ್ದರೆ ಅಭಿಮಾನಿ ಅಷ್ಟು ಕೆರಳುವುದಿಲ್ಲ. ಅವರು ತಪ್ಪು ಮಾಡಿದ್ದಾರೆ, ದಂಡ ಬಿದ್ದಿದೆ, ಹಾಗಾದರೆ ನಮಗೆ ಗೋಲು ಸಲ್ಲಬೇಕು ಎಂಬ ಒಂದು ನ್ಯಾಯದ ಭಾವನೆ ಒಳಗೆ ಕೂತಿರುತ್ತದೆ. ಗೋಲು ಬೀಳದಿದ್ದರೆ ನಮ್ಮ ಹುಡುಗರು ಬರಬೇಕಾದ ಬಾಕಿ ವಸೂಲಿ ಮಾಡದೆ ಬಂದಂತೆ. ನಿಯಮವಾದರೋ ಕೊಡುವುದು ಎರಡು ನಿಮಿಷವನ್ನು ಮಾತ್ರ. ಆ ನಿಮಿಷಗಳಿಗೂ ಮಿತಿ ಹಾಕಿದ ಕಥೆ ಸ್ವಾರಸ್ಯವಾಗಿದೆ. ಮೊದಲು ಎನ್‌ಎಚ್‌ಎಲ್‌ನಲ್ಲಿ ಎಷ್ಟು ಗೋಲು ಬಿದ್ದರೂ ಶಿಕ್ಷೆಯ ಅವಧಿ ಪೂರ್ತಿ ನಡೆಯುತ್ತಿತ್ತು. 1955ರ ನವೆಂಬರಿನಲ್ಲಿ ಮಾಂಟ್ರಿಯಲ್‌ನ ಜಾನ್ ಬೆಲಿವೊ ಒಂದೇ ಪವರ್‌ಪ್ಲೇಯಲ್ಲಿ 44 ಸೆಕೆಂಡಿನೊಳಗೆ ಮೂರು ಗೋಲು ಹೊಡೆದ. ಮುಂದಿನ ಋತುವಿನಿಂದ, ಒಂದು ಗೋಲು ಬಿದ್ದ ಕೂಡಲೇ ಸಣ್ಣ ದಂಡ ಮುಗಿಯುವಂತೆ ನಿಯಮ ಬದಲಾಯಿತು. ದಂಡದ ಲಾಭ ಅತಿಯಾದರೂ ಅನ್ಯಾಯ ಎಂದು ಲೀಗಿಗೆ ಅನ್ನಿಸಿತ್ತು.

ಒಬ್ಬ ಹೆಚ್ಚಿದ್ದರೆ ಕೆಲಸ ಸಲೀಸು ಎಂಬ ನಂಬಿಕೆಯನ್ನು ಸಾಫ್ಟ್‌ವೇರಿನವರು ಇನ್ನೊಬ್ಬ ಬ್ರೂಕ್ಸ್‌ನಿಂದ ಕಲಿತು ಬಿಟ್ಟಿರಬೇಕು. ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದ. ಆಟಕ್ಕೆ ಅದು ಪೂರ್ತಿ ಒಗ್ಗುವುದಿಲ್ಲ, ಐದು ಜನ ನಾಲ್ವರಿಗಿಂತ ಮೇಲೇ. ಆದರೂ ಐದನೆಯವನು ಬಂದಾಗ ಎಲ್ಲರ ಜಾಗ ಬದಲಾಗುತ್ತದೆ, ಇನ್ನೂ ಒಳ್ಳೆಯ ಅವಕಾಶ ಸಿಗಬಹುದೆಂದು ಎಲ್ಲರೂ ಇನ್ನೊಬ್ಬರಿಗೆ ಪಕ್ ದಾಟಿಸುತ್ತಾರೆ. ಸೌಕರ್ಯ ಹೆಚ್ಚಿದಾಗ ಹಿಂಜರಿಕೆಯೂ ಹೆಚ್ಚುವುದನ್ನು ಕಚೇರಿಯಲ್ಲಿ ನೋಡದವರಿಲ್ಲ.

ಪಾಪ ವಿದ್ಯಾರ್ಥಿಗಳು, ಬಿಟ್ಟುಬಿಡಿ ಎನ್ನುವ ವಾದವೂ ಇದೆ. ಅದು ಈಗ ಮೊದಲಿನಷ್ಟು ಗಟ್ಟಿಯಿಲ್ಲ. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು. ಹಣ ಪಡೆಯುವವನ ಆಟವನ್ನು ಟೀಕಿಸಬಾರದೆಂದು ಹೇಳಲಾರೆ. ಆದರೆ ಇಪ್ಪತ್ತು ವರ್ಷದವನ ಎರಡು ನಿಮಿಷ ನೋಡಿ ಅವನ ಮನಸ್ಸಿನೊಳಗಿನ ಬಯಕೆ ಎಷ್ಟೆಂದು ಅಳೆಯುವ ಹಕ್ಕು ಟಿಕೆಟ್ಟಿನ ಜೊತೆ ಬರುವುದಿಲ್ಲ.

ಈ ದೂರುಗಳಲ್ಲೆಲ್ಲ ನನಗೆ ಹೆಚ್ಚು ವಿಚಿತ್ರವಾಗಿ ಕಾಣುವುದು, ಆ ಕಡೆಯ ನಾಲ್ವರು ಯಾರ ಮಾತಿನಲ್ಲೂ ಬಾರದಿರುವುದು. ನಮ್ಮವರು ಸೋತರೆ ನಮ್ಮವರದೇ ತಪ್ಪು ಎನ್ನುವುದು ವಿನಯದಂತೆ ಕೇಳಿಸುತ್ತದೆ, ಅದರಲ್ಲಿ ದೊಡ್ಡ ಅಹಂಕಾರವಿದೆ. ನಾವು ಸರಿಯಿದ್ದರೆ ಎದುರಿಗಿರುವವರು ಲೆಕ್ಕಕ್ಕೇ ಇಲ್ಲ ಎಂದಂತಾಯಿತು. ಆ ನಾಲ್ವರು ಗೋಲಿನ ಮುಂದೆ ಚೌಕ ಕಟ್ಟಿ, ಪಕ್ ಹೋದ ಕಡೆಗೆಲ್ಲ ಒಟ್ಟಿಗೆ ಸರಿಯುತ್ತಾರೆ. ಗಟ್ಟಿ ರಬ್ಬರಿನ ಪಕ್ಕಿಗೆ ಮೈಯೊಡ್ಡಿ ಬೀಳುತ್ತಾರೆ. ಕೈಗೆ ಸಿಕ್ಕರೆ ರಿಂಕಿನ ಆ ತುದಿಗೆ ಹೊಡೆದು ಹತ್ತು ಹದಿನೈದು ಸೆಕೆಂಡು ತಿನ್ನುತ್ತಾರೆ; ಸಮಬಲವಿದ್ದಾಗ ಹಾಗೆ ಹೊಡೆದರೆ ಆಟ ನಿಲ್ಲುತ್ತದೆ, ಒಬ್ಬ ಕಡಿಮೆಯಿದ್ದಾಗ ನಿಯಮವೇ ಅದಕ್ಕೆ ಅನುಮತಿ ಕೊಟ್ಟಿದೆ. ಎರಡು ನಿಮಿಷ ಮುಗಿದು ಬೆಂಚಿಗೆ ಮರಳುವಾಗ ಅವರಿಗೆ ಉಸಿರು ಹಿಡಿಯುವುದೂ ಕಷ್ಟ.

ಅಭಿಮಾನಿಗಳಿಗೆ ಇದು ಗೊತ್ತಿಲ್ಲವೆಂದಲ್ಲ. ತಮ್ಮ ಹುಡುಗ ಬಾಕ್ಸಿನಲ್ಲಿದ್ದು, ಉಳಿದ ನಾಲ್ವರು ಎರಡು ನಿಮಿಷ ಕಾದು ಮುಗಿಸಿದಾಗ ಇಡೀ ಗ್ಯಾಲರಿ ಎದ್ದು ಚಪ್ಪಾಳೆ ಹೊಡೆಯುತ್ತದೆ. ಹತ್ತು ನಿಮಿಷದ ಮೇಲೆ ಎದುರು ತಂಡದ ನಾಲ್ವರು ಅದೇ ಕೆಲಸವನ್ನು ಅಷ್ಟೇ ಚೆನ್ನಾಗಿ ಮಾಡಿ ಮುಗಿಸುತ್ತಾರೆ. ಆಗ ಅದೇ ಗ್ಯಾಲರಿಯಲ್ಲಿ ಕೇಳಿಸುವುದು ಒಂದು ದೊಡ್ಡ ನಿಟ್ಟುಸಿರು, ಆಮೇಲೆ ನಮ್ಮ ಪವರ್‌ಪ್ಲೇ ಕೆಟ್ಟುಹೋಗಿದೆ ಎಂಬ ಮಾತು.