ಹಲ್ಲಿಗೆ ಮದ್ದು, ಮರಳಿಗೆ ಸೆರೆ

ಅಮೆರಿಕದ ಮಾರ್ವೆಲ್ ಸಂಸ್ಥೆ 1963ರಲ್ಲಿ ಹೊರತಂದ ಸ್ಪೈಡರ್‌ಮ್ಯಾನ್ ಕಾಮಿಕ್ಸ್‌ನ ನಾಲ್ಕನೆಯ ಮತ್ತು ಆರನೆಯ ಸಂಚಿಕೆಗಳನ್ನು ಒಟ್ಟಿಗೆ ಓದಬೇಕು. ಎರಡನ್ನೂ ಬರೆದವರು ಸ್ಟ್ಯಾನ್ ಲೀ, ಚಿತ್ರ ಬಿಡಿಸಿದವರು ಸ್ಟೀವ್ ಡಿಟ್ಕೊ. ನಡುವೆ ಇರುವುದು ಎರಡೇ ತಿಂಗಳ ಅಂತರ.

ಸೆಪ್ಟೆಂಬರ್ ಸಂಚಿಕೆಯಲ್ಲಿ ಫ್ಲಿಂಟ್ ಮಾರ್ಕೊ ಎಂಬ ಕಳ್ಳ ಜೈಲಿನಿಂದ ತಪ್ಪಿಸಿಕೊಳ್ಳುತ್ತಾನೆ. ಪೊಲೀಸರ ಕಣ್ಣಿಗೆ ಬೀಳದಿರಲೆಂದು ಅಣುಪರೀಕ್ಷೆ ನಡೆಯುವ ಕಡಲತೀರದಲ್ಲಿ ಅಡಗುತ್ತಾನೆ. ಅಲ್ಲಿ ಸ್ಫೋಟವಾಗುತ್ತದೆ. ಕಾಲಡಿಯ ಮರಳು ಅವನ ಮೈಯಲ್ಲಿ ಬೆರೆತು ಅವನು ಸ್ಯಾಂಡ್‌ಮ್ಯಾನ್ ಆಗುತ್ತಾನೆ. ಬೇಕೆಂದಾಗ ಕಲ್ಲಿನಷ್ಟು ಗಟ್ಟಿ, ಬೇಡವೆಂದಾಗ ಬೆರಳಸಂದಿಯಲ್ಲಿ ಸೋರಿಹೋಗುವ ಪುಡಿ. ಕೊನೆಗೆ ಸ್ಪೈಡರ್‌ಮ್ಯಾನ್ ಅವನನ್ನು ಒಂದು ದೊಡ್ಡ ವ್ಯಾಕ್ಯೂಮ್ ಕ್ಲೀನರ್‌ನೊಳಗೆ ಎಳೆದು ಪೊಲೀಸರಿಗೆ ಒಪ್ಪಿಸುತ್ತಾನೆ.

ನವೆಂಬರ್ ಸಂಚಿಕೆಯಲ್ಲಿ ಬರುವವನು ಕರ್ಟ್ ಕಾನರ್ಸ್. ಒಂದು ಕೈ ಕಳೆದುಕೊಂಡ ವಿಜ್ಞಾನಿ. ಹೆಂಡತಿ, ಪುಟ್ಟ ಮಗ ಇರುವ ಸಂಸಾರಸ್ಥ. ಹಲ್ಲಿಗೆ ಬಾಲ ಮತ್ತೆ ಬೆಳೆಯುವುದನ್ನು ನೋಡಿ ಒಂದು ಔಷಧ ತಯಾರಿಸಿ ತಾನೇ ಕುಡಿಯುತ್ತಾನೆ. ಕೈ ಬರುತ್ತದೆ, ಆದರೆ ಮೈಮನಸ್ಸುಗಳೆರಡೂ ಸರೀಸೃಪದವಾಗುತ್ತವೆ. ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ನೆಲೆಸಿದ ಈ ಲಿಜರ್ಡ್, ಸರೀಸೃಪಗಳ ಸೈನ್ಯ ಕಟ್ಟಿ ಮನುಷ್ಯಕುಲವನ್ನೇ ಆಳುವ ಯೋಚನೆ ಮಾಡುತ್ತಾನೆ. ಸ್ಪೈಡರ್‌ಮ್ಯಾನ್ ಇವನ ಮೇಲೂ ಬೀಳುತ್ತಾನೆ, ಆದರೆ ಮೊದಲು ಕುಳಿತು ಕಾನರ್ಸನದೇ ಟಿಪ್ಪಣಿಗಳನ್ನು ಓದಿ ಮದ್ದು ಅರೆಯುತ್ತಾನೆ. ಹೊಡೆದಾಟದ ನಡುವೆಯೇ ಅದನ್ನು ಲಿಜರ್ಡ್‌ನ ಬಾಯಿಗೆ ಹೊಯ್ದು ಮತ್ತೆ ಮನುಷ್ಯನನ್ನಾಗಿಸಿ ಹೆಂಡತಿ ಮಗನ ಕೈಗೆ ಒಪ್ಪಿಸುತ್ತಾನೆ. ಗುಟ್ಟನ್ನು ತನ್ನಲ್ಲೇ ಇಟ್ಟುಕೊಳ್ಳುತ್ತಾನೆ.

ಒಬ್ಬನಿಗೆ ಬ್ಯಾಂಕಿನ ಹಣ ಬೇಕಿತ್ತು, ಇನ್ನೊಬ್ಬನಿಗೆ ಭೂಮಿಯೇ ಬೇಕಿತ್ತು. ಭೂಮಿ ಬೇಕೆಂದವನು ಮನೆಗೆ ಹೋದ. ಹಣ ಬೇಕೆಂದವನು ಜೈಲಿಗೆ ಹೋದ. ಒಬ್ಬನಿಗೆ ಮದ್ದು ಹುಡುಕಿದ ಹುಡುಗ ಇನ್ನೊಬ್ಬನಿಗೆ ಮದ್ದು ಇರಬಹುದೇ ಎಂದು ಯೋಚಿಸಲೂ ಇಲ್ಲ. ಯಾಕೆ? ನನಗೆ ತೋಚುವ ಉತ್ತರ ಒಂದೇ. ಮರ್ಯಾದಸ್ಥ ಮೃಗವಾದರೆ ಅದನ್ನು ರೋಗವೆಂದು ನೋಡುತ್ತೇವೆ, ಕಳ್ಳ ಮೃಗವಾದರೆ ಅವನ ನಿಜಬಣ್ಣ ಹೊರಬಿತ್ತು ಎನ್ನುತ್ತೇವೆ. ಈ ಭೇದ ಅನ್ಯಾಯದ್ದು. ಇದನ್ನು ಎಲ್ಲರಿಗಿಂತ ಮೊದಲು ಗುರುತಿಸಬೇಕಾಗಿದ್ದವನು, ತಾನೇ ತಪ್ಪು ಹೆಸರು ಹೊತ್ತು ಓಡಾಡುವ ಸ್ಪೈಡರ್‌ಮ್ಯಾನ್.

ಅವನ ಪಾಡು ನಮಗೆ ಗೊತ್ತಿರುವುದೇ. 1963ರ ಮಾರ್ಚ್ ತಾರೀಖು ಹೊತ್ತ ಮೊದಲ ಸಂಚಿಕೆಯಲ್ಲೇ, ಪತ್ರಿಕೋದ್ಯಮಿ ಜೆ. ಜೋನಾ ಜೇಮ್ಸನ್ ಅವನನ್ನು ಸಮಾಜಕಂಟಕ ಎಂದು ಬರೆಯುತ್ತಾನೆ. ಜೇಮ್ಸನ್‌ನ ಮಗ ಗಗನಯಾತ್ರಿ. ಅವನ ನೌಕೆ ಕೆಟ್ಟು ಉರುಳುವಾಗ ಸ್ಪೈಡರ್‌ಮ್ಯಾನ್ ಜೀವದ ಹಂಗು ತೊರೆದು ಕಾಪಾಡುತ್ತಾನೆ. ಮರುದಿನದ ಪತ್ರಿಕೆಯಲ್ಲಿ ಬರುವುದು ಕೃತಜ್ಞತೆಯಲ್ಲ, ಅವನನ್ನು ಬಂಧಿಸಬೇಕೆಂಬ ಕೂಗು. ಯಾಕಿಷ್ಟು ದ್ವೇಷ ಎಂಬುದು 1964ರಲ್ಲಿ, ಹತ್ತನೆಯ ಸಂಚಿಕೆಯಲ್ಲಿ, ಜೇಮ್ಸನ್ ಒಬ್ಬನೇ ಇರುವಾಗ ತನಗೆ ತಾನೇ ಹೇಳಿಕೊಳ್ಳುವ ಮಾತಿನಲ್ಲಿ ತಿಳಿಯುತ್ತದೆ. ಅದು ಅಸೂಯೆ. ಏನನ್ನೂ ಬಯಸದೆ ಒಳ್ಳೆಯದು ಮಾಡುವವನು ಒಬ್ಬನಿದ್ದಾನೆ ಎಂದು ಒಪ್ಪಿದರೆ, ಹಣ ಹಣ ಎಂದು ಬದುಕಿದ ತಾನು ಏನು ಎಂಬ ಪ್ರಶ್ನೆಗೆ ಅವನು ಉತ್ತರ ಕೊಡಬೇಕಾಗುತ್ತದೆ.

ಒಂದು ಸಲ ಅಂಟಿದ ಹೆಸರು ಮಾಡಿದ ಕೆಲಸದಿಂದ ತೊಳೆದುಹೋಗುವುದಿಲ್ಲ ಎಂಬುದು ಹಾಗಾಗಿ ಸ್ಪೈಡರ್‌ಮ್ಯಾನ್‌ಗೆ ದಿನನಿತ್ಯದ ಅನುಭವ. ಮುಖವಾಡ ಹಾಕಿದ್ದಾನೆ, ಆದ್ದರಿಂದ ಒಳಗೆ ಏನೋ ಕೆಟ್ಟದ್ದಿರಬೇಕು ಎಂಬ ತರ್ಕ ಅವನನ್ನು ಸುಟ್ಟಿದೆ. ಅದೇ ತರ್ಕವನ್ನು ಅವನು ಮಾರ್ಕೊನ ಮೇಲೆ ಪ್ರಯೋಗಿಸುತ್ತಾನೆ: ಮೈ ಮರಳಾಗಿದೆ, ಹಿಂದೆ ಕಳ್ಳನಾಗಿದ್ದ, ಆದ್ದರಿಂದ ಒಳಗೆ ಮನುಷ್ಯನಿಲ್ಲ. ಅದೇ ಸೆಪ್ಟೆಂಬರ್ ಸಂಚಿಕೆಯಲ್ಲಿ ಇನ್ನೂ ಒಂದು ಸಂಗತಿ ಇದೆ. ಹೊಡೆದಾಟದ ಫೋಟೊ ತೆಗೆಯಲಾಗದ ಪೀಟರ್ ಪಾರ್ಕರ್, ಅಂದರೆ ಮುಖವಾಡವಿಲ್ಲದ ಸ್ಪೈಡರ್‌ಮ್ಯಾನ್, ತಾನೇ ಮರಳು ಎರಚಿ ಸುಳ್ಳು ಫೋಟೊ ತೆಗೆದು ಜೇಮ್ಸನ್‌ಗೆ ಮಾರುತ್ತಾನೆ. ಪತ್ರಿಕೆಯ ಸುಳ್ಳಿನಿಂದ ನೊಂದವನು ಅದೇ ಪತ್ರಿಕೆಗೆ ಸುಳ್ಳು ಒದಗಿಸುತ್ತಾನೆ. ನೋವು ತಾನಾಗಿಯೇ ಯಾರನ್ನೂ ನ್ಯಾಯವಂತರನ್ನಾಗಿ ಮಾಡುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಆ ಸಂಚಿಕೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ದೃಶ್ಯ ಬೇರೆ. ಓಡಿ ಓಡಿ ಸ್ಯಾಂಡ್‌ಮ್ಯಾನ್ ಒಂದು ಹೈಸ್ಕೂಲಿಗೆ ನುಗ್ಗುತ್ತಾನೆ. ಹೆಡ್‌ಮಾಸ್ತರರ ಮುಂದೆ ನಿಂತು ಅವನು ಕೇಳುವುದು ಹಣವನ್ನಲ್ಲ. ತಾನು ಶಾಲೆ ಮುಗಿಸಲಿಲ್ಲ, ತನಗೊಂದು ಸರ್ಟಿಫಿಕೇಟ್ ಬೇಕು ಎನ್ನುತ್ತಾನೆ. ಹೆಡ್‌ಮಾಸ್ತರರು ಧೈರ್ಯದಿಂದ ನಿರಾಕರಿಸುತ್ತಾರೆ; ಸರ್ಟಿಫಿಕೇಟನ್ನು ಓದಿ ಪಡೆಯಬೇಕೇ ಹೊರತು ಬೆದರಿಸಿ ಅಲ್ಲ ಎಂಬ ಅವರ ನಿಲುವು ಸರಿಯಾದದ್ದೇ. ಕಥೆ ಇದನ್ನು ನಗೆಯ ಪ್ರಸಂಗವಾಗಿ ದಾಟಿಹೋಗುತ್ತದೆ. ಆದರೆ ಗೋಡೆಯನ್ನೇ ಒಡೆಯಬಲ್ಲವನು, ಯಾವ ತಿಜೋರಿಯೊಳಗೂ ಇಳಿಯಬಲ್ಲವನು, ಶಾಲೆ ಮುಗಿಸಿದವನೆಂದು ಹೇಳುವ ಒಂದು ಕಾಗದಕ್ಕೆ ಆಸೆಪಡುತ್ತಾನೆ ಎಂದರೆ ಅವನಿಗೆ ಇನ್ನೂ ಜನರ ನಡುವೆ ಒಂದು ಜಾಗ ಬೇಕಾಗಿದೆ ಎಂದೇ ಅರ್ಥ. ಮೃಗಕ್ಕೆ ಸರ್ಟಿಫಿಕೇಟ್ ಬೇಕಾಗುವುದಿಲ್ಲ. ಆ ಕ್ಷಣದಲ್ಲಿ ಅದನ್ನು ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ಲೇಖಕರಿಗೂ ಕೇಳಿಸಿಕೊಳ್ಳುವ ಸ್ವಾತಂತ್ರ್ಯ ಹೆಚ್ಚು ಇರಲಿಲ್ಲ. ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತಿದೆ ಎಂದು ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಪುಸ್ತಕ ಬರೆದದ್ದು 1954ರಲ್ಲಿ. ಅದೇ ವರ್ಷ ಅಮೆರಿಕದ ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು. ಬೆದರಿದ ಪ್ರಕಾಶಕರು ತಾವೇ ಕಾಮಿಕ್ಸ್ ಕೋಡ್ ಎಂಬ ನಿಯಮಾವಳಿ ಮಾಡಿಕೊಂಡರು. ಅಪರಾಧಿಯ ಮೇಲೆ ಓದುಗರಿಗೆ ಮರುಕ ಹುಟ್ಟುವಂತೆ ಕಥೆ ಹೇಳಬಾರದು ಎಂಬುದು ಅದರ ನಿಯಮಗಳಲ್ಲಿ ಒಂದು. 1971ರಲ್ಲಿ ಆ ಬಿಗಿ ಸ್ವಲ್ಪ ಸಡಿಲವಾಯಿತು. ಮಾರ್ವೆಲ್ ಕೋಡನ್ನು ಪೂರ್ತಿ ಬಿಟ್ಟದ್ದು 2001ರಲ್ಲಿ. ಮಕ್ಕಳ ರಕ್ಷಣೆಗೆಂದು ಮಾಡಿದ ಈ ನಿಯಮ ಮಕ್ಕಳಿಗೆ ಕಲಿಸಿದ್ದೇನು? ಕಳ್ಳನ ಬಗ್ಗೆ ಮರುಕ ಅಪಾಯಕರ, ವಿಜ್ಞಾನಿಯ ಬಗ್ಗೆ ಮರುಕ ಸಹಜ. ಇದು ನೀತಿಪಾಠವಲ್ಲ, ಸಮಾಜದಲ್ಲಿ ಯಾರು ಮೇಲು ಯಾರು ಕೆಳಗೆ ಎಂಬ ಪಾಠ.

ಕೋಡ್ ಸಡಿಲಗೊಂಡ ಮೇಲೆ, 1982ರ ಒಂದು ಸಂಚಿಕೆಯಲ್ಲಿ, ಸ್ಯಾಂಡ್‌ಮ್ಯಾನ್‌ನ ಕಥೆಯನ್ನು ಕೇಳಿಸಿಕೊಳ್ಳುವವನೊಬ್ಬ ಸಿಕ್ಕ. ಅವನು ಸ್ಪೈಡರ್‌ಮ್ಯಾನ್ ಅಲ್ಲ, ಫೆಂಟಾಸ್ಟಿಕ್ ಫೋರ್ ತಂಡದ 'ದಿ ಥಿಂಗ್'. ಮೈಯೆಲ್ಲ ಕಲ್ಲುಬಂಡೆಯಾದವನು, ಬೀದಿಯಲ್ಲಿ ನಡೆದರೆ ಜನ ಬೆಚ್ಚುವಂಥ ರೂಪದವನು. ಇಬ್ಬರೂ ಬಾರೊಂದರಲ್ಲಿ ಎದುರುಬದುರಾಗುತ್ತಾರೆ. ಹೊಡೆದಾಟದ ಬದಲು ಕೂತು ಕುಡಿದು ಮಾತಾಡುತ್ತಾರೆ. ಮುಂದಿನ ವರ್ಷಗಳಲ್ಲಿ ಮಾರ್ಕೊ ಕಳ್ಳತನ ಬಿಟ್ಟು ಒಳ್ಳೆಯವರ ಸಾಲಿಗೆ ಬಂದದ್ದು ಆ ಮಾತುಕತೆಯಿಂದ. ಹಲವು ವರ್ಷ ಅವನನ್ನು ಅಟ್ಟಿದ ಮುಷ್ಟಿಗಳಿಂದ ಆಗದ ಕೆಲಸ ಅದು.

ಸ್ಪೈಡರ್‌ಮ್ಯಾನ್‌ಗೆ ಅದು ಯಾಕೆ ಸಾಧ್ಯವಾಗಲಿಲ್ಲ ಎಂಬುದಕ್ಕೆ ಅವನ ಹುಟ್ಟಿನ ಕಥೆಯಲ್ಲೇ ಕಾರಣವಿದೆ. ಅವನದೇ ಕಾಮಿಕ್ಸ್ ಶುರುವಾಗುವ ಮೊದಲೇ ಬಂದ, 1962ರ ಆಗಸ್ಟ್‌ನ ಆ ಮೊದಲ ಕಥೆಯಲ್ಲಿ ಪೀಟರ್ ಕಣ್ಣೆದುರೇ ಓಡಿಹೋಗುತ್ತಿದ್ದ ಕಳ್ಳನನ್ನು ತನಗೇಕೆ ಎಂದು ಬಿಟ್ಟುಬಿಡುತ್ತಾನೆ. ಅದೇ ಕಳ್ಳ ಮುಂದೆ ಅವನನ್ನು ಸಾಕಿದ ಅಂಕಲ್ ಬೆನ್‌ನನ್ನು ಕೊಲ್ಲುತ್ತಾನೆ. ಅಂದಿನಿಂದ ಪೀಟರ್ ಯಾವ ಕಳ್ಳನ ಬೆನ್ನು ಹತ್ತಿದರೂ ಬೆನ್ನು ಹತ್ತುವುದು ಆ ಮೊದಲ ಕಳ್ಳನನ್ನೇ, ಅಥವಾ ಅವನನ್ನು ಬಿಟ್ಟುಕೊಟ್ಟ ತನ್ನನ್ನೇ. ತನ್ನ ತಪ್ಪಿನ ಹಿಂದೆ ಓಡುವವನಿಗೆ ಎದುರಿಗಿರುವ ಮನುಷ್ಯನ ಮುಖ ಕಾಣುವುದು ಕಷ್ಟ.

ಸ್ಯಾಮ್ ರೈಮಿ 2007ರಲ್ಲಿ ತೆಗೆದ 'ಸ್ಪೈಡರ್‌ಮ್ಯಾನ್ 3' ಈ ಎಳೆಯನ್ನು ಹಿಡಿದ ಚಿತ್ರ. ಹಲವರು ಅದನ್ನು ಗೊಂದಲದ ಚಿತ್ರವೆಂದು ತಳ್ಳಿಹಾಕಿದರು. ಖಳರು ಹೆಚ್ಚಾದದ್ದು ನಿಜ. ಆದರೆ ಮಾರ್ಕೊನ ಭಾಗವನ್ನು ನಾನು ಬಿಟ್ಟುಕೊಡಲಾರೆ. ಇಲ್ಲಿ ಅವನಿಗೆ ಕಾಯಿಲೆಯ ಮಗಳಿದ್ದಾಳೆ, ಚಿಕಿತ್ಸೆಗೆ ಹಣವಿಲ್ಲ. ಮರಳಾದ ಮೇಲೆ ಅವನು ಮೊದಲ ಬಾರಿ ಎದ್ದು ನಿಲ್ಲಲು ಹೆಣಗುವ ದೃಶ್ಯವಿದೆ. ಮತ್ತೆ ಮತ್ತೆ ಕುಸಿಯುತ್ತಾನೆ, ಮಗಳ ಚಿತ್ರವಿರುವ ಲಾಕೆಟ್ ಅವನ ಕೈಯಲ್ಲಿ ನಿಲ್ಲುವುದಿಲ್ಲ. ಅದನ್ನು ಹಿಡಿಯಲೆಂದೇ ಅವನು ಕೈಯನ್ನು ಗಟ್ಟಿಮಾಡಿಕೊಳ್ಳಲು ಕಲಿಯುತ್ತಾನೆ. ಈ ಚಿತ್ರದಲ್ಲಿ ಅಂಕಲ್ ಬೆನ್‌ಗೆ ಗುಂಡು ಹಾರಿಸಿದವನು ಮಾರ್ಕೊ ಎಂದು ಪೊಲೀಸರು ಹೇಳುತ್ತಾರೆ. ಕಪ್ಪು ಉಡುಪಿನ ಪೀಟರ್ ಅವನನ್ನು ನೆಲದಡಿಯ ಸುರಂಗಕ್ಕೆ ಅಟ್ಟಿ, ನೀರಿನ ಕೊಳವೆ ಒಡೆದು ಕೆಸರಾಗಿ ಕೊಚ್ಚಿಹಾಕುತ್ತಾನೆ. ಸತ್ತನೆಂದು ಮನೆಗೆ ಬಂದು ಬೆನ್‌ನ ಹೆಂಡತಿ ಆಂಟ್ ಮೇಗೆ ಹೇಳಿದರೆ, ಆಕೆಗೆ ಸಂತೋಷವಾಗುವುದಿಲ್ಲ, ಆಘಾತವಾಗುತ್ತದೆ.

ಆ ಸುರಂಗದವರೆಗೆ ಮಾರ್ಕೊ ಬಹುಮಟ್ಟಿಗೆ ಮನುಷ್ಯನ ಅಳತೆಯಲ್ಲೇ ಕಾದಾಡುವವನು. ಕಟ್ಟಡದೆತ್ತರದ, ಮಾತಿಲ್ಲದ, ಬರೀ ಅಬ್ಬರಿಸುವ ದೈತ್ಯನಾಗುವುದು ಅದರ ನಂತರ. ಅಣುವಿಜ್ಞಾನ ಅವನನ್ನು ಮರಳಾಗಿಸಿತು. ದೈತ್ಯನನ್ನಾಗಿಸಿದ್ದು ಬೆನ್ನಟ್ಟಿದ ರೀತಿ. ಇದು ಇವನೊಬ್ಬನ ಕಥೆಯಲ್ಲ. 1965ರ ಜನವರಿಯ ಸಂಚಿಕೆಯಲ್ಲಿ ಸ್ಪೈಡರ್‌ಮ್ಯಾನ್‌ನನ್ನು ಹಿಡಿಯಲೆಂದು ಜೇಮ್ಸನ್ ಹಣ ಕೊಟ್ಟು ಮ್ಯಾಕ್ ಗಾರ್ಗನ್ ಎಂಬ ಖಾಸಗಿ ಪತ್ತೇದಾರನನ್ನು ಸ್ಕಾರ್ಪಿಯನ್ ಆಗಿ ಬದಲಾಯಿಸುತ್ತಾನೆ. ಗಾರ್ಗನ್‌ನ ಬುದ್ಧಿ ಕೆಡುತ್ತದೆ. ಕೊನೆಗೆ ಅವನಿಂದ ಜೇಮ್ಸನ್‌ನನ್ನು ಕಾಪಾಡಬೇಕಾದವನು ಸ್ಪೈಡರ್‌ಮ್ಯಾನೇ. ಕಾಲ್ಪನಿಕ ದೈತ್ಯನನ್ನು ಹಿಡಿಯಹೊರಟವನು ನಿಜವಾದ ದೈತ್ಯನನ್ನು ತಯಾರಿಸಿದ.

ನಮ್ಮ ಓದುಗರಿಗೆ ಈ ಜಾಡು ಹೊಸದಲ್ಲ. ಭಾದ್ರಪದ ಚೌತಿಯ ರಾತ್ರಿ ಚಂದ್ರನನ್ನು ನೋಡಿದರೆ ಅಪವಾದ ಬರುತ್ತದೆಂದು ನಮ್ಮ ಮನೆಗಳಲ್ಲಿ ಓದಿಸುವ ಶಮಂತಕೋಪಾಖ್ಯಾನ ಕೂಡ, ತಪ್ಪು ತಿಳುವಳಿಕೆಗೆ ಗುರಿಯಾದ ವೀರನೊಬ್ಬ ಕಳ್ಳನ ಬೆನ್ನಟ್ಟುವ ಕಥೆ. ಮಣಿ ಕದ್ದನೆಂಬ ಮಾತು ಹೊತ್ತ ಕೃಷ್ಣ ಅದನ್ನು ಜಾಂಬವಂತನಿಂದ ತಂದು ಕೊಟ್ಟು ಶುದ್ಧನಾಗುತ್ತಾನೆ. ಮುಂದೆ ಶತಧನ್ವ ಮಣಿಯ ಒಡೆಯ ಸತ್ರಾಜಿತನನ್ನು ಕೊಂದು ಅದನ್ನು ಒಯ್ದಾಗ, ಕೃಷ್ಣ ಮಿಥಿಲೆಯವರೆಗೂ ಅಟ್ಟಿಹೋಗಿ ಅವನ ತಲೆ ಕಡಿಯುತ್ತಾನೆ. ಹುಡುಕಿದರೆ ಮಣಿ ಅವನ ಬಳಿ ಇಲ್ಲ. ಅದು ಅಕ್ರೂರನ ಕೈ ಸೇರಿತ್ತು. ಅಣ್ಣ ಬಲರಾಮನೇ ಕೃಷ್ಣನನ್ನು ಶಂಕಿಸುತ್ತಾನೆ. ಶತಧನ್ವ ಕೊಲೆಗಾರ ಹೌದು. ಆದರೆ ಅವನು ಬದುಕಿದ್ದರೆ ಮಣಿ ಎಲ್ಲಿದೆ ಎಂದು ಹೇಳುತ್ತಿದ್ದ, ಕೃಷ್ಣನ ಮೇಲಿನ ಅನುಮಾನವೂ ಅಲ್ಲೇ ಕರಗುತ್ತಿತ್ತು. ಕಳ್ಳನ ಬಾಯಿ ಮುಚ್ಚಿಸಿದವನು ತನ್ನ ಪರ ಸಾಕ್ಷಿಯನ್ನೂ ಕಳೆದುಕೊಳ್ಳುತ್ತಾನೆ.

ಕಾನರ್ಸ್, ಮಾರ್ಕೊ ಇಬ್ಬರನ್ನೂ ಹೋಲಿಸುವ ನನ್ನ ಮಾತಿಗೆ ಗಟ್ಟಿಯಾದ ಆಕ್ಷೇಪವೊಂದಿದೆ. ಕಾನರ್ಸ್‌ಗೆ ಬುದ್ಧಿ ಸ್ವಾಧೀನದಲ್ಲಿರಲಿಲ್ಲ, ಮಾರ್ಕೊಗೆ ಇತ್ತು. ಕಾನರ್ಸ್ ಕೈ ಮರಳಿ ಬೆಳೆಸುವ ಔಷಧ ಹುಡುಕುತ್ತಿದ್ದ, ಮಾರ್ಕೊ ಬ್ಯಾಂಕು ಒಡೆಯುತ್ತಿದ್ದ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಮಾರ್ಕೊನಿಂದ ನೊಂದವರಿಗೆ ಮಾಡುವ ಅವಮಾನವಲ್ಲವೇ? ಮೊದಲ ಎರಡು ಮಾತುಗಳನ್ನು ನಾನು ಪೂರ್ತಿ ಒಪ್ಪುತ್ತೇನೆ. ಮಾರ್ಕೊ ತನ್ನ ಕಳ್ಳತನಗಳಿಗೆ ಹೊಣೆ, ಕೋರ್ಟಿಗೆ ಹೋಗಬೇಕು, ಶಿಕ್ಷೆ ಅನುಭವಿಸಬೇಕು. ರೈಮಿಯ ಚಿತ್ರದ ಕೊನೆಯಲ್ಲಿ ಪೀಟರ್ ಅವನನ್ನು ಕ್ಷಮಿಸಿದ್ದು ದೊಡ್ಡ ಮನಸ್ಸು, ಆದರೆ ಗಾಳಿಯಲ್ಲಿ ತೇಲಿಹೋಗಲು ಬಿಟ್ಟದ್ದು ತಪ್ಪು. ಪೀಟರ್ ಕ್ಷಮಿಸಬಹುದಾದದ್ದು ತನಗಾದ ಗಾಯವನ್ನು ಮಾತ್ರ. ಊರಿನ ಉಳಿದವರ ಪರವಾಗಿ ಕ್ಷಮಿಸುವ ಹಕ್ಕು ಅವನಿಗಿಲ್ಲ.

ಆದರೆ ಮೂರು ಪ್ರಶ್ನೆಗಳನ್ನು ಇಲ್ಲಿ ಒಂದರೊಳಗೊಂದು ಬೆರೆಸಿದ್ದೇವೆ. ಇವನು ಏನು ಮಾಡಿದ? ಇವನಿಗೆ ಏನಾಯಿತು? ಇವನು ಯಾರು? ಮೊದಲನೆಯದಕ್ಕೆ ಉತ್ತರ ಕೋರ್ಟಿನಲ್ಲಿ, ಎರಡನೆಯದಕ್ಕೆ ವೈದ್ಯರ ಬಳಿ. ಮೂರನೆಯದನ್ನು ತೀರ್ಮಾನಿಸುವ ಅಧಿಕಾರ ಬೆನ್ನಟ್ಟುವವನಿಗಿಲ್ಲ, ಅವನಿಗೆ ಎಷ್ಟೇ ಶಕ್ತಿ ಇರಲಿ. ಕಳ್ಳತನಕ್ಕೆ ಮಾರ್ಕೊ ಹೊಣೆ; ಮೈ ಮರಳಾದದ್ದಕ್ಕೆ ಅವನು ಹೊಣೆಯಲ್ಲ. ಆ ವಿಷಯದಲ್ಲಿ ಅವನೂ ಕಾನರ್ಸನಷ್ಟೇ ರೋಗಿ. ತಪ್ಪಿನ ಪ್ರಮಾಣ ನೋಡಿ ಶಿಕ್ಷೆಯ ಪ್ರಮಾಣ ನಿರ್ಧಾರವಾಗಲಿ. ಯಾರಿಗೆ ಮದ್ದು ಹುಡುಕಬೇಕು ಎಂಬುದು ಅದರಿಂದ ನಿರ್ಧಾರವಾಗಬಾರದು. ಜೈಲಿನಲ್ಲಿರುವವನಿಗೂ ಜ್ವರ ಬಂದರೆ ಡಾಕ್ಟರು ಬರಬೇಕು. ಇಷ್ಟನ್ನು ಒಪ್ಪಿದರೆ ನೊಂದವರಿಗೆ ಯಾವ ಅವಮಾನವೂ ಆಗುವುದಿಲ್ಲ.

2021ರ 'ನೋ ವೇ ಹೋಮ್' ಚಿತ್ರದಲ್ಲಿ ಸ್ಯಾಂಡ್‌ಮ್ಯಾನ್ ಮತ್ತು ಲಿಜರ್ಡ್ ಒಂದೇ ಕಥೆಯೊಳಗೆ ಬರುತ್ತಾರೆ. ಜೇಮ್ಸನ್ ಇಲ್ಲಿ ಪೀಟರ್‌ನ ಹೆಸರನ್ನೇ ಊರಿಗೆ ಸಾರಿ ಅವನ ಬದುಕನ್ನು ನುಚ್ಚುನೂರು ಮಾಡಿದ್ದಾನೆ. ಹೀಗಿದ್ದೂ ಆಂಟ್ ಮೇ ಮಾತಿಗೆ ಓಗೊಟ್ಟ ಪೀಟರ್, ಬೇರೆ ಬೇರೆ ಲೋಕಗಳಿಂದ ಬಂದ ಖಳರನ್ನು ಅವರವರ ಲೋಕದಲ್ಲಿ ಸಾಯಲು ಕಳಿಸುವ ಬದಲು ಗುಣಪಡಿಸಲು ಹೊರಡುತ್ತಾನೆ. ಅದಕ್ಕೆ ಅವನು ತೆರುವ ಬೆಲೆ ಆಂಟ್ ಮೇಯ ಜೀವ. ಕೊನೆಗೆ ಹಲ್ಲಿಗೂ ಮದ್ದು ಸಿಗುತ್ತದೆ, ಮರಳಿಗೂ ಸಿಗುತ್ತದೆ. ಆ ಎರಡು ಸಂಚಿಕೆಗಳ ನಡುವಿನ ಅನ್ಯಾಯವನ್ನು ಸರಿಪಡಿಸಲು 58 ವರ್ಷ ಬೇಕಾಯಿತು. ಮನುಷ್ಯನಾಗಿ ಮರಳಿದ ಮಾರ್ಕೊ ಯಾವ ಮನೆಗೆ ಹೋದ, ಮಗಳ ಚಿಕಿತ್ಸೆಗೆ ಹಣ ಎಲ್ಲಿಂದ ತಂದ ಎಂಬುದನ್ನು ಚಿತ್ರ ಕೇಳುವುದಿಲ್ಲ. ಮೈಯ ಮರಳು ಉದುರಿದ ಮೇಲೂ ಕಳ್ಳನೆಂಬ ಹೆಸರು ಉಳಿದೇ ಇರುತ್ತದೆ, ಅದಕ್ಕೆ ಪ್ರಯೋಗಾಲಯದಲ್ಲಿ ಮದ್ದಿಲ್ಲ.

ನಿಮ್ಮ ಮನೆಯ ಮಕ್ಕಳು ಈ ಚಿತ್ರಗಳನ್ನು ನೋಡುತ್ತಾರೆ. ನೋಡಿ ಮುಗಿದ ಮೇಲೆ ಯಾರು ಗೆದ್ದರು ಎಂದು ಕೇಳಬೇಡಿ. ಆ ಎರಡು ಸಂಚಿಕೆಗಳ ಕಥೆಯನ್ನೂ ಹೇಳಿ, ವಿಜ್ಞಾನಿಯನ್ನು ಯಾಕೆ ಮನೆಗೆ ಕಳಿಸಿದರು, ಕಳ್ಳನನ್ನು ಯಾಕೆ ಕಳಿಸಲಿಲ್ಲ ಎಂದು ಕೇಳಿ. ಅವರು ಕೊಡುವ ಉತ್ತರವನ್ನು ತಿದ್ದಲು ಅವಸರಪಡಬೇಡಿ, ಪೂರ್ತಿ ಕೇಳಿಸಿಕೊಳ್ಳಿ.